ಬಜೆಟ್ ಸಭೆಗೆ ಹೋಗಿ ಕೇಳಿದರೆ ನಮ್ಮ ಶಾಲೆಗೆ, ನಮ್ಮ ಬೀದಿಗೆ ದುಡ್ಡು ಸಿಗುತ್ತಾ?

ಓದುಗರ ಪ್ರಶ್ನೆ: ನಮ್ಮ ನಗರಸಭೆಯ ಬಜೆಟ್ ಸಭೆ ಹತ್ತಿರ ಬಂತು. ಮಕ್ಕಳ ಶಾಲೆಗೆ ಒಬ್ಬ ಗ್ರಂಥಪಾಲಕರು ಬೇಕು, ಬೀದಿ ದೀಪ ಸರಿಯಾಗಬೇಕು, ಪಾರ್ಕ್ ನೋಡಿಕೊಳ್ಳಲು ಜನ ಬೇಕು. ಸಭೆಯ ದಿನ ಹೋಗಿ ಮಾತಾಡಿದರೆ ಏನಾದರೂ ಪ್ರಯೋಜನ ಇದೆಯಾ? ಇಲ್ಲಾ, ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತಾ?

ಉತ್ತರ: ಮುಕ್ಕಾಲು ಪಾಲು ಮೊದಲೇ ತೀರ್ಮಾನ ಆಗಿರುತ್ತದೆ. ಆದರೂ ಹೋಗಿ. ಆದರೆ ಮುಂದಿನ ಸಲ ಆ ದಿನಕ್ಕೆ ಕಾಯಬೇಡಿ, ಅದಕ್ಕಿಂತ ಐದಾರು ತಿಂಗಳು ಮುಂಚೆಯೇ ಹೋಗಿ. ಈ ಸಲದ ಸಭೆಗೆ ಹೋಗುವಾಗ ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ಗೊತ್ತು ಮಾಡಿಕೊಂಡು ಹೋಗಿ.

ಯಾವ ಊರಿನ ಬಜೆಟ್ ತೆಗೆದುಕೊಂಡರೂ ದೊಡ್ಡ ಭಾಗ ಕದಲುವುದೇ ಇಲ್ಲ. ನೌಕರರ ಸಂಬಳ, ನಿವೃತ್ತರ ಪಿಂಚಣಿ, ಹಳೇ ಸಾಲದ ಕಂತು, ನೀರು ಪಂಪ್ ಮಾಡಲು ಬೇಕಾದ ಕರೆಂಟು ಬಿಲ್ಲು, ಕಸ ಎತ್ತುವ ಗುತ್ತಿಗೆ. ಇವನ್ನೆಲ್ಲ ಕೊಡಲೇಬೇಕು. ಕೆಲವು ಸೇವೆಗಳನ್ನು ಕಾನೂನೇ ಕಡ್ಡಾಯ ಮಾಡಿರುತ್ತದೆ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳನ್ನೇ ನೋಡಿ. ಆರೈಕೆ ಬೇಕಾದ ವೃದ್ಧರು, ಕಷ್ಟದಲ್ಲಿರುವ ಮಕ್ಕಳು, ಇವರನ್ನು ನೋಡಿಕೊಳ್ಳುವುದು ಅಲ್ಲಿ ಕಾನೂನಿನ ಹೊಣೆ. ಆ ಖರ್ಚು ಏರುತ್ತಾ ಹೋದ ಹಾಗೆ ಮೊದಲು ಕತ್ತರಿ ಬೀಳುವುದು ಲೈಬ್ರರಿಗೆ, ಪಾರ್ಕಿಗೆ, ಯುವಕರ ಕೇಂದ್ರಕ್ಕೆ. ಇವು ಬೇಡ ಅಂತ ಯಾರೂ ಹೇಳಿರುವುದಿಲ್ಲ. ಕತ್ತರಿಸಬಹುದಾದದ್ದು ಅಷ್ಟೇ ಉಳಿದಿರುತ್ತದೆ.

ಮತ ಹಾಕುವ ದಿನ ಸದಸ್ಯರ ಕೈಯಲ್ಲಿ ಉಳಿದಿರುವುದು ಸಣ್ಣ ಮೊತ್ತ. ಅದಕ್ಕೂ ಆ ಹೊತ್ತಿಗೆ ಹತ್ತು ಜನ ಕಾದಿರುತ್ತಾರೆ.

ಹಾಗಾದರೆ ತೀರ್ಮಾನ ಆಗುವುದು ಯಾವಾಗ? ನ್ಯೂಯಾರ್ಕ್ ನಗರದ ಕ್ಯಾಲೆಂಡರ್ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಜುಲೈ 1ಕ್ಕೆ. ಮೇಯರ್ ಮೊದಲ ಕರಡು ಬಜೆಟ್ ಕೊಡುವುದು ವರ್ಷದ ಆರಂಭದಲ್ಲಿ. ಆಮೇಲೆ 51 ಸದಸ್ಯರ ಸಿಟಿ ಕೌನ್ಸಿಲ್ ಒಂದೊಂದು ಇಲಾಖೆಯನ್ನೂ ಕರೆದು ಪ್ರಶ್ನೆ ಕೇಳುತ್ತದೆ. ವಸಂತದಲ್ಲಿ ಮೇಯರ್ ಇನ್ನೊಂದು ಕರಡು ಕೊಡುತ್ತಾರೆ. ಜೂನ್ ಕೊನೆಯ ಹೊತ್ತಿಗೆ ಮತ. ಆದರೆ ಬಡಾವಣೆಗಳ ಬೇಡಿಕೆ ಹೋಗುವುದು ಇದೆಲ್ಲಕ್ಕಿಂತ ಮುಂಚೆ. ಅಲ್ಲಿ 59 ಸಮುದಾಯ ಮಂಡಳಿಗಳಿವೆ. ‘ನಮ್ಮ ಭಾಗಕ್ಕೆ ಇದು ಬೇಕು’ ಅನ್ನುವ ಪಟ್ಟಿಯನ್ನು ಅವು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕಳಿಸಿಬಿಟ್ಟಿರುತ್ತವೆ. ಅಂದರೆ ಜುಲೈಯಲ್ಲಿ ಖರ್ಚಾಗುವ ದುಡ್ಡಿನ ಮಾತು ಅಲ್ಲಿ ಶುರುವಾಗುವುದು ಚಳಿಗಾಲಕ್ಕೂ ಮೊದಲು.

ಬೇರೆ ಕಡೆ ತಿಂಗಳು ಬೇರೆ, ಕ್ರಮ ಹೆಚ್ಚು ಕಮ್ಮಿ ಇದೇ. ಭಾರತದಲ್ಲಿ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಅದಕ್ಕೆ ಕರಡು ತಯಾರಾಗುವುದು ಅದಕ್ಕೂ ಮೊದಲಿನ ತಿಂಗಳುಗಳಲ್ಲಿ. ಕರಡು ಅಚ್ಚಾಗಿ ಬಂದ ಮೇಲೆ ಒಂದು ಸಾಲನ್ನು ಸೇರಿಸಬೇಕಾದರೆ ಇನ್ನೊಂದು ಸಾಲಿನಿಂದ ಕಿತ್ತುಕೊಳ್ಳಬೇಕು. ಕರಡು ಬರೆಯುವ ಮುಂಚೆ ಆ ಜಗಳ ಇರುವುದಿಲ್ಲ. ಇಲಾಖೆಯ ಎಂಜಿನಿಯರ್ ಅಥವಾ ಅಧಿಕಾರಿ ತಮ್ಮ ಅಂದಾಜು ಪಟ್ಟಿ ಬರೆಯುತ್ತಾ ಕೂತಿರುವಾಗ ನಿಮ್ಮ ಕಾಗದ ಅವರ ಮೇಜಿನ ಮೇಲೆ ಇರಬೇಕು. ಅದು ತುಂಬಿದ ಸಭೆಯಲ್ಲಿ ಮಾಡುವ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಈಗ ಶಾಲೆಯ ವಿಷಯಕ್ಕೆ ಬರೋಣ. ಜನ ಅತಿ ಹೆಚ್ಚು ಸುಸ್ತಾಗುವುದು ಇಲ್ಲೇ. ಗಂಟೆಗಟ್ಟಲೆ ಕಾದು, ಮೈಕ್ ಹಿಡಿದು, ಮಕ್ಕಳ ಕಷ್ಟ ಹೇಳಿ ಮುಗಿಸಿದಾಗ ‘ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ’ ಅನ್ನುವ ಉತ್ತರ ಸಿಗುತ್ತದೆ. ಕೆಲವೊಮ್ಮೆ ಅದು ನುಣುಚಿಕೊಳ್ಳುವ ಮಾತು. ಎಷ್ಟೋ ಸಲ ನಿಜವೂ ಹೌದು.

ಅಮೆರಿಕದಲ್ಲಿ ಹೆಚ್ಚಿನ ಕಡೆ ಶಾಲೆ ನಡೆಸುವುದು ಸ್ವತಂತ್ರವಾದ ಸ್ಕೂಲ್ ಡಿಸ್ಟ್ರಿಕ್ಟ್. ಅದಕ್ಕೆ ಅದರದ್ದೇ ಮಂಡಳಿ, ಅದರದ್ದೇ ಬಜೆಟ್. ಸಿಟಿ ಕೌನ್ಸಿಲ್ ಮುಂದೆ ಶಿಕ್ಷಕರ ವಿಷಯ ಎತ್ತಿದರೆ ಅವರು ಏನೂ ಮಾಡಲಾರರು. ಬಾಸ್ಟನ್ ಬೇರೆ ಥರ. ಅಲ್ಲಿ ಶಾಲೆಗಳ ದುಡ್ಡು ನಗರದ ಬಜೆಟ್ಟಿನ ಒಳಗೇ ಇದೆ. ಆದರೆ ಶಾಲೆಗಳ ಉಸ್ತುವಾರಿ ನೋಡುವ ಸ್ಕೂಲ್ ಕಮಿಟಿಯ ಸದಸ್ಯರನ್ನು ನೇಮಿಸುವವರು ಮೇಯರ್. 2021ರ ನವೆಂಬರ್‌ವರೆಗೆ ಬಾಸ್ಟನ್ ಕೌನ್ಸಿಲ್ ಮೇಯರ್ ಕೊಟ್ಟ ಬಜೆಟನ್ನು ಒಪ್ಪಬಹುದಿತ್ತು, ತಿರಸ್ಕರಿಸಬಹುದಿತ್ತು, ಕಡಿತ ಮಾಡಬಹುದಿತ್ತು. ಒಂದು ಕಡೆಯ ಹಣವನ್ನು ಇನ್ನೊಂದು ಕಡೆಗೆ ಹಾಕುವ ಅಧಿಕಾರ ಇರಲಿಲ್ಲ. ಆ ತಿಂಗಳು ಮತದಾರರು ಆ ಅಧಿಕಾರ ಕೊಟ್ಟರು. ಆದರೂ ಒಟ್ಟು ಮೊತ್ತ ಮೇಯರ್ ಹೇಳಿದ್ದನ್ನು ಮೀರುವ ಹಾಗಿಲ್ಲ, ಶಾಲಾ ಬಜೆಟ್ಟಿನ ಒಳಗಿನ ಸಾಲುಗಳನ್ನು ಬದಲಿಸುವ ಹಾಗೂ ಇಲ್ಲ.

ಇಂಗ್ಲೆಂಡಿನಲ್ಲಿ ಶಾಲೆಗೆಂದೇ ಕೇಂದ್ರ ಸರ್ಕಾರದಿಂದ ಪ್ರತ್ಯೇಕ ಅನುದಾನ ಬರುತ್ತದೆ. ಅದನ್ನು ರಸ್ತೆಗೋ ಕಸಕ್ಕೋ ತಿರುಗಿಸುವಂತಿಲ್ಲ. ಭಾರತದ ಕಥೆ ಇನ್ನೊಂದು. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು, ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳನ್ನು ಸಂವಿಧಾನದ 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಬೀದಿ ದೀಪ, ಪಾರ್ಕು, ನೀರು, ಸ್ಮಶಾನ ಎಲ್ಲಾ ಅಲ್ಲಿವೆ. ಶಿಕ್ಷಣದ ಬಗ್ಗೆ ಇರುವುದು ಮಾತ್ರ ಸಾಂಸ್ಕೃತಿಕ, ಶೈಕ್ಷಣಿಕ ವಿಷಯಗಳಿಗೆ ಪ್ರೋತ್ಸಾಹ ಕೊಡಬೇಕು ಅನ್ನುವ ಒಂದು ಸಡಿಲ ಸಾಲು. ಪಂಚಾಯಿತಿಗಳಿಗಿರುವ 11ನೇ ಅನುಸೂಚಿಯಲ್ಲಿ ಪ್ರಾಥಮಿಕ, ಪ್ರೌಢಶಾಲೆ ಅಂತ ಸ್ಪಷ್ಟವಾಗಿಯೇ ಇದೆ. ಹಾಗಂತ ನಗರ ಸಂಸ್ಥೆಗಳು ಶಾಲೆ ನಡೆಸುವುದೇ ಇಲ್ಲ ಅಂತಲ್ಲ. ಮುಂಬೈ ಮಹಾನಗರ ಪಾಲಿಕೆ ತನ್ನದೇ ನೂರಾರು ಶಾಲೆ ನಡೆಸುತ್ತದೆ.

ಹಾಗಾಗಿ ಗ್ರಂಥಪಾಲಕರು ಬೇಕು ಅನ್ನುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಆ ಶಾಲೆಯ ಶಿಕ್ಷಕರಿಗೆ ಸಂಬಳ ಕೊಡುವವರು ಯಾರು ಅನ್ನುವುದನ್ನು. ನಗರಸಭೆ ಕೊಡುತ್ತಿಲ್ಲ ಅಂದರೆ ಅಲ್ಲಿ ಆ ಬೇಡಿಕೆ ಇಡುವುದು ಸುಮ್ನೆ. ಆದರೆ ಅದೇ ಶಾಲೆಯ ಮುಂದಿನ ಫುಟ್‌ಪಾತ್, ಗೇಟಿನ ಎದುರಿನ ರಸ್ತೆ ಉಬ್ಬು, ನೀರಿನ ಸಂಪರ್ಕ, ಪಕ್ಕದ ಚರಂಡಿ ಬಹುತೇಕ ಕಡೆ ನಗರಸಭೆಯದ್ದೇ. ಅದನ್ನು ಧೈರ್ಯವಾಗಿ ಕೇಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಸರ್ಕಾರಿ ಲೆಕ್ಕದಲ್ಲಿ ದುಡ್ಡಿಗೆ ಎರಡು ಚೀಲಗಳಿವೆ. ಕಟ್ಟುವುದಕ್ಕೆ, ಕೊಳ್ಳುವುದಕ್ಕೆ ಇರುವುದು ಬಂಡವಾಳ ವೆಚ್ಚ. ದಿನಾ ನಡೆಸುವುದಕ್ಕೆ ಇರುವುದು ರಾಜಸ್ವ ವೆಚ್ಚ. ಕಟ್ಟಡಕ್ಕೆ ಸಾಲ ಸಿಗುತ್ತದೆ, ಅನುದಾನ ಸಿಗುತ್ತದೆ, ಉದ್ಘಾಟನೆಯ ಕಲ್ಲೂ ಸಿಗುತ್ತದೆ. ಪ್ರತಿ ತಿಂಗಳ ಸಂಬಳಕ್ಕೆ, ಹೋದ ಬಲ್ಬ್ ಬದಲಿಸುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ ಇವು ಯಾವುವೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿಯೇ ಬಾಗಿಲು ಹಾಕಿದ ಹೊಸ ಲೈಬ್ರರಿ, ಬೀಗ ಬಿದ್ದ ಹೊಸ ಶೌಚಾಲಯ, ಒಂದೇ ಮಳೆಗಾಲದಲ್ಲಿ ಕಳೆ ತುಂಬಿದ ಹೊಸ ಪಾರ್ಕು ಎಲ್ಲಾ ಕಡೆ ಕಾಣಿಸುತ್ತವೆ.

ಜನರೇ ನೇರವಾಗಿ ಮತ ಹಾಕಿ ಬಜೆಟ್ ತೀರ್ಮಾನಿಸುವ ವ್ಯವಸ್ಥೆಗಳಲ್ಲೂ ಇದೇ ತೊಡಕಿದೆ. ನ್ಯೂಯಾರ್ಕಿನಲ್ಲಿ 2011ರಲ್ಲಿ ನಾಲ್ವರು ಕೌನ್ಸಿಲ್ ಸದಸ್ಯರು ಇದನ್ನು ಶುರು ಮಾಡಿದರು. ಮುಂದೆ 11 ವರ್ಷದ ಮಕ್ಕಳೂ ಮತ ಹಾಕಬಹುದು ಅನ್ನುವಷ್ಟು ಬಾಗಿಲು ತೆರೆದರು, ನನಗೆ ತುಂಬಾ ಇಷ್ಟವಾದ ಸಂಗತಿ ಅದು. ಆದರೆ ಸದಸ್ಯರು ಅಲ್ಲಿ ಜನರ ಮುಂದಿಟ್ಟ ಹಣ ಮುಖ್ಯವಾಗಿ ಬಂಡವಾಳದ ಚೀಲದ್ದು. ಶಾಲೆಗೆ ಕಂಪ್ಯೂಟರ್ ಕೇಳಬಹುದು, ಶೌಚಾಲಯ ದುರಸ್ತಿ ಕೇಳಬಹುದು. ಶಿಕ್ಷಕರನ್ನು ಕೇಳುವುದು ಕಷ್ಟ. ಪ್ಯಾರಿಸ್ 2014ರಲ್ಲಿ ಶುರು ಮಾಡಿದ್ದೂ ಹೂಡಿಕೆ ಬಜೆಟ್ಟಿನ ಒಂದು ಪಾಲಿನಿಂದಲೇ.

ಅದಕ್ಕೇ ಹೇಳುವುದು, ನಿಮ್ಮ ಬೇಡಿಕೆ ಯಾವ ಚೀಲದ್ದು ಅಂತ ಮೊದಲು ನೋಡಿ. ಗ್ರಂಥಪಾಲಕರು, ಪಾರ್ಕಿನ ಮಾಲಿ, ಕಾವಲುಗಾರ, ಇವೆಲ್ಲ ರಾಜಸ್ವ. ಇದು ಒಂದು ವರ್ಷದ ಖರ್ಚಲ್ಲ, ಪ್ರತಿ ವರ್ಷದ ಖರ್ಚು. ಅದಕ್ಕೇ ಅಧಿಕಾರಿಗಳು ಹಿಂಜರಿಯುತ್ತಾರೆ. ಯಾರಾದರೂ ಸದಸ್ಯರು ‘ನಿಮ್ಮ ಬಡಾವಣೆಗೆ ಹೊಸ ಪಾರ್ಕ್ ಕೊಡ್ತೀನಿ’ ಅಂದಾಗ ಚಪ್ಪಾಳೆ ತಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಬಿಡಿ: ‘ಅದನ್ನು ನೋಡಿಕೊಳ್ಳುವವರ ಸಂಬಳ ಯಾವ ಪುಟದಲ್ಲಿದೆ?’

ಪುಟ ಅಂದೆ. ಬಜೆಟ್ ಪುಸ್ತಕ ನೋಡಿ ಹೆದರಬೇಕಿಲ್ಲ. ಒಂದೇ ಒಂದು ಸಾಲು ಓದಲು ಬಂದರೆ ಸಾಕು. ಉದಾಹರಣೆಗೆ ‘ಬೀದಿ ದೀಪ ನಿರ್ವಹಣೆ’ ಅನ್ನುವ ಸಾಲು. ಅದರ ಮುಂದೆ ಸಾಮಾನ್ಯವಾಗಿ ಮೂರು ನಾಲ್ಕು ಅಂಕಣ ಇರುತ್ತವೆ. ಹಿಂದಿನ ವರ್ಷ ನಿಜವಾಗಿ ಖರ್ಚಾದದ್ದು, ಈ ವರ್ಷಕ್ಕೆ ಅಂದಾಜು ಮಾಡಿದ್ದು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷಕ್ಕೆ ಕೇಳುತ್ತಿರುವುದು. ಹೆಚ್ಚಿನವರು ಕೊನೆಯ ಅಂಕಣ ಮಾತ್ರ ನೋಡುತ್ತಾರೆ. ಪತ್ರಿಕೆಗಳಲ್ಲಿ ಬರುವುದೂ ಅದೇ. ನೀವು ಮೊದಲಿನದರಿಂದ ಶುರು ಮಾಡಿ. ಈ ವರ್ಷಕ್ಕೆ ನೂರು ಅಂತ ಬರೆದು, ಪರಿಷ್ಕೃತದಲ್ಲಿ ಅರವತ್ತಕ್ಕೆ ಇಳಿಸಿ, ಮುಂದಿನ ವರ್ಷಕ್ಕೆ ಮತ್ತೆ ನೂರ ಹತ್ತು ಅಂತ ಬರೆದಿದ್ದಾರೆ ಅಂದುಕೊಳ್ಳಿ. ‘ಹತ್ತು ಜಾಸ್ತಿ ಕೊಟ್ಟಿದ್ದೇವೆ’ ಅಂತ ಅವರು ಹೇಳಬಹುದು. ನೂರು ಖರ್ಚು ಮಾಡಲು ಆಗದವರು ನೂರ ಹತ್ತು ಹೇಗೆ ಖರ್ಚು ಮಾಡುತ್ತಾರೆ ಅಂತ ನೀವು ಕೇಳಬಹುದು. ಟೆಂಡರ್ ತಡವಾಯಿತಾ? ಗುತ್ತಿಗೆದಾರರು ಬಿಟ್ಟು ಹೋದರಾ? ತೆರಿಗೆ ವಸೂಲಿ ಆಗಲಿಲ್ಲವಾ? ಇದು ಜಗಳದ ಪ್ರಶ್ನೆ ಅಲ್ಲ. ಆದರೆ ಉತ್ತರ ಕೊಡದೆ ದಾಟುವುದು ಕಷ್ಟ.

ಆದಾಯದ ಪುಟಕ್ಕೂ ಒಮ್ಮೆ ಕಣ್ಣು ಹಾಯಿಸಿ. ಬರಲಾರದ ದುಡ್ಡನ್ನು ಬರುತ್ತದೆ ಅಂತ ಬರೆದರೆ ಖರ್ಚಿನ ಪುಟ ಎಷ್ಟು ಚೆನ್ನಾಗಿದ್ದರೂ ಕಾಗದದಲ್ಲೇ ಉಳಿಯುತ್ತದೆ. ಲೆಕ್ಕಕ್ಕೆ ಹಿಡಿಯದ ಹೊರೆ ಮೇಲೆ ಬಿದ್ದರೂ ಹಾಗೆಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2023ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಸರಿದೂಗುತ್ತಿಲ್ಲ ಅಂತ ಕಾನೂನಿನ ಪ್ರಕಾರ ನೋಟಿಸ್ ಹೊರಡಿಸಿ, ಅನಿವಾರ್ಯವಲ್ಲದ ಹೊಸ ಖರ್ಚನ್ನು ನಿಲ್ಲಿಸಬೇಕಾಯಿತು. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡದೆ ಉಳಿದ ಬಾಕಿ ಮತ್ತು ಕೈಕೊಟ್ಟ ಹೊಸ ಕಂಪ್ಯೂಟರ್ ವ್ಯವಸ್ಥೆ ಅದಕ್ಕೆ ದೊಡ್ಡ ಕಾರಣಗಳಾಗಿದ್ದವು. ಆಮೇಲೆ ತೆರಿಗೆ ಏರಿತು, ಬಡಾವಣೆಯ ಸೇವೆಗಳಿಗೆ ಕತ್ತರಿ ಬಿತ್ತು.

ಈ ಸಲ ಸಭೆಗೆ ಹೋಗುತ್ತೀರಲ್ಲ, ಮಾತಾಡಲು ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ‘ನಮ್ಮ ಬಡಾವಣೆಯನ್ನು ಕಡೆಗಣಿಸಿದ್ದೀರಿ’ ಅಂತ ಶುರು ಮಾಡಿದರೆ ಅರ್ಧ ಸಮಯ ಅಲ್ಲೇ ಹೋಗುತ್ತದೆ. ಅದು ನಿಜವೇ ಇರಬಹುದು, ಆದರೆ ಅದನ್ನು ಕೇಳಿಸಿಕೊಂಡು ಯಾರೂ ಏನೂ ಬರೆದುಕೊಳ್ಳಲು ಆಗುವುದಿಲ್ಲ. ಹೀಗೆ ಹೇಳಿ ನೋಡಿ: ‘ಶಾಲೆ ಗೇಟಿನಿಂದ ಬಸ್ ಸ್ಟಾಪಿನವರೆಗೆ ಏಳು ಕಂಬ ಇವೆ. ಮೂರರಲ್ಲಿ ದೀಪ ಇಲ್ಲ. ಸಂಜೆ ಆರೂವರೆಗೆ ಟ್ಯೂಷನ್ ಮುಗಿಸಿ ಮಕ್ಕಳು ಅಲ್ಲೇ ನಡೆದು ಬರುತ್ತಾರೆ. ನಿರ್ವಹಣೆಯ ಸಾಲಿನಲ್ಲಿ ಈ ವರ್ಷದ ಹಣ ಉಳಿದಿದೆ. ಈ ಮೂರು ದೀಪಗಳನ್ನು ಅದರಲ್ಲೇ ಮಾಡಬಹುದು.’ ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಓದಿ. ಬರೆದದ್ದರ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಮಾತು ಗಾಳಿಯಲ್ಲಿ ಹೋಗುತ್ತದೆ, ಸೀಲು ಬಿದ್ದ ಕಾಗದ ಫೈಲಿಗೆ ಹೋಗುತ್ತದೆ.

ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಹೋಗುವುದು ಒಳ್ಳೆಯದು, ಅಲ್ವಾ? ಆದರೆ ನಾಲ್ವರೂ ಅದೇ ಮಾತು ಹೇಳಬೇಡಿ. ಒಬ್ಬರು ದೀಪ, ಒಬ್ಬರು ಅದರ ಲೆಕ್ಕ, ಒಬ್ಬರು ಮಕ್ಕಳು ಓಡಾಡುವ ಹೊತ್ತು, ಹೀಗೆ ಹಂಚಿಕೊಳ್ಳಿ.

ಮುಂಚೆಯೇ ಜನರ ಮಾತು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಸಾಕ್ಷಿ. 1989ರಲ್ಲಿ ಅಲ್ಲಿನ ನಗರಾಡಳಿತ ಬಡಾವಣೆ ಬಡಾವಣೆಯಲ್ಲಿ ಸಭೆ ಕರೆದು, ಯಾವ ಕಾಮಗಾರಿ ಮೊದಲು ಅಂತ ಜನರಿಂದಲೇ ಪಟ್ಟಿ ಮಾಡಿಸಿತು. ನೀರು, ಒಳಚರಂಡಿ ಇಲ್ಲದ ಬಡವರ ಕೇರಿಗಳು ಪಟ್ಟಿಯ ಮೇಲೆ ಬಂದವು. ಮುಂದಿನ ವರ್ಷಗಳಲ್ಲಿ ನೀರು ಬಹುತೇಕ ಎಲ್ಲಾ ಮನೆಗಳಿಗೂ ತಲುಪಿತು, ಒಳಚರಂಡಿಯೂ ಇನ್ನಷ್ಟು ಮನೆಗಳಿಗೆ ಹೋಯಿತು. ಜಗತ್ತಿನ ನೂರಾರು ನಗರಗಳು ಅದನ್ನು ನೋಡಿ ಕಲಿತವು. ಭಾರತದಲ್ಲಿ ಪುಣೆ ಪಾಲಿಕೆಯೂ 2006ರ ಸುಮಾರಿಗೆ ಬಜೆಟ್ಟಿಗೆ ನಾಗರಿಕರ ಸಲಹೆ ತೆಗೆದುಕೊಳ್ಳಲು ಶುರು ಮಾಡಿತು. ಆದರೆ ಪೋರ್ಟೊ ಅಲೆಗ್ರೆಯಲ್ಲೇ 2017ರಲ್ಲಿ ಆ ಪದ್ಧತಿಯನ್ನು ತಡೆಹಿಡಿದರು. ಆಡಳಿತಕ್ಕೆ ಮನಸ್ಸು ಇರುವವರೆಗೆ ಮಾತ್ರ ಅದು ನಡೆದದ್ದು. ನನಗೆ ಇದು ಬೇಸರದ ಸಂಗತಿ. ಜನರ ಸಭೆಯನ್ನು ಮೇಯರ್ ಮರ್ಜಿಗೆ ಬಿಡದೆ ನಿಯಮವಾಗಿಯೇ ಬರೆದಿಡಬೇಕು ಅಂತ ಕೇಳುವುದೂ ಒಂದು ಬೇಡಿಕೆಯೇ, ಅದಕ್ಕೆ ದುಡ್ಡೂ ಜಾಸ್ತಿ ಬೇಕಿಲ್ಲ.

ಮತ ಆದ ಮೇಲೂ ಕೆಲಸ ಇದೆ. ಬಜೆಟ್ಟಿನಲ್ಲಿ ಹಣ ಇಟ್ಟರು ಅಂದರೆ ಖರ್ಚು ಮಾಡಲು ಅನುಮತಿ ಸಿಕ್ಕಿತು ಅಂತ ಅಷ್ಟೇ ಅರ್ಥ. ಆಮೇಲೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಇದರಲ್ಲಿ ಎಲ್ಲಿ ನಿಂತರೂ ವರ್ಷ ಮುಗಿಯುವಾಗ ಆ ಹಣ ಬೇರೆ ಕಡೆ ಹೋಗಬಹುದು, ಇಲ್ಲವೇ ಹಾಗೇ ಉಳಿದುಬಿಡಬಹುದು. ಹಾಗಾಗಿ ಬಜೆಟ್ ಪಾಸಾಗಿ ಎರಡು ಮೂರು ತಿಂಗಳಾದ ಮೇಲೆ ಒಂದು ಸಲ ಕಚೇರಿಗೆ ಹೋಗಿ ‘ಟೆಂಡರ್ ಕರೆದಿದ್ದೀರಾ?’ ಅಂತ ಕೇಳಿ. ವರ್ಷದ ನಡುವೆ ಅಂದಾಜು ಪರಿಷ್ಕರಿಸುವಾಗ ಮತ್ತೊಮ್ಮೆ ಕೇಳಿ. ಆಗ ಖರ್ಚಾಗದೆ ಉಳಿದ ಹಣ ಎಲ್ಲೆಲ್ಲಿದೆ ಅಂತ ಕಾಣುತ್ತದೆ, ಈ ಸಲ ಬಿಟ್ಟುಹೋದ ಸಣ್ಣ ಕೆಲಸಗಳಿಗೆ ಜಾಗ ಸಿಗುವುದೂ ಆಗಲೇ. ಮುಂದಿನ ವರ್ಷದ ಪಟ್ಟಿಗೆ ಯಾವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತೀರಿ ಅನ್ನುವುದನ್ನೂ ಅದೇ ದಿನ ಕೇಳಿ, ತಾರೀಖು ಬರೆದುಕೊಂಡು ಬನ್ನಿ.