ಎರಡು ರಾತ್ರಿಯ ದ್ವೀಪ: ವಿಲ್ಲಾ ಆಮೇಲೆ, ಮೊದಲು ಗಂಟೆ ಎಣಿಸಿ

ವೀಕೆಂಡ್‌ಗೆ ಒಂದು ದ್ವೀಪಕ್ಕೆ ಹೋಗಿ ಬರ್ತೀವಿ, ಖರ್ಚಾದ್ರೂ ಪರವಾಗಿಲ್ಲ ಎನ್ನುವವರು, ಪ್ರವಾಸ ಯೋಜಿಸಿಕೊಡುವ ನನಗೆ ಮೊದಲು ಕಳಿಸುವುದು ವಿಲ್ಲಾದ ಫೋಟೊ. ನೀರಿನ ಮೇಲೆ ನಿಂತ ಮನೆ, ಎದುರಿಗೆ ಪುಟ್ಟ ಈಜುಕೊಳ, ಅದರಾಚೆ ಕೆಂಪಗೆ ಮುಳುಗುತ್ತಿರುವ ಸೂರ್ಯ. ಇದೇ ಬೇಕು ಅಂತಾರೆ. ಸರಿ, ನಿಮ್ಮ ಫ್ಲೈಟ್ ಎಷ್ಟು ಗಂಟೆಗೆ ಇಳಿಯುತ್ತೆ ಅಂತ ನಾನು ಕೇಳಿದರೆ, ಅದನ್ನಿನ್ನೂ ನೋಡಿಲ್ಲ ಎನ್ನುತ್ತಾರೆ.

ನೋಡಬೇಕಾದದ್ದೇ ಅದು. ಒಂದು ವಾರದ ರಜೆಯಲ್ಲಿ ಅರ್ಧ ದಿನ ಹಾಳಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ರಾತ್ರಿಯಲ್ಲಿ ಹಾಗಲ್ಲ. ರೆಸಾರ್ಟ್‌ಗಳಲ್ಲಿ ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ, ಚೆಕ್ ಔಟ್ 11 ಅಥವಾ 12ಕ್ಕೆ. ಶುಕ್ರವಾರ 2ಕ್ಕೆ ಒಳಗೆ ಹೋಗಿ ಭಾನುವಾರ 12ಕ್ಕೆ ಹೊರಗೆ ಬಂದರೆ ಒಟ್ಟು 46 ಗಂಟೆ. ನಿದ್ದೆಗೆ 16 ಕಳೆಯಿರಿ. ಉಳಿದ 30 ಗಂಟೆಯೇ ನೀವು ಇಷ್ಟು ದುಡ್ಡು ಕೊಟ್ಟು ಕೊಂಡದ್ದು. ಬೋಟಿಗೆ ಕಾಯುವ ಒಂದೊಂದು ಗಂಟೆಯೂ ಈ 30ರಿಂದಲೇ ಹೋಗುತ್ತೆ.

ಹಾಗಾಗಿ ನನ್ನದೊಂದು ಕಟ್ಟುನಿಟ್ಟು: ಎರಡೇ ರಾತ್ರಿಯಾದರೆ, ವಿಮಾನದ ಬಾಗಿಲಿನಿಂದ ವಿಲ್ಲಾದ ಬಾಗಿಲಿಗೆ ಎರಡು ಗಂಟೆ ಮೀರಬಾರದು. ಮೀರುವ ದ್ವೀಪ ಎಷ್ಟೇ ಚೆಂದ ಇರಲಿ, ಅದನ್ನು ಉದ್ದ ರಜೆಗೆ ಇಟ್ಟುಕೊಳ್ಳಿ.

ಮಾಲ್ಡೀವ್ಸ್ ಇದಕ್ಕೆ ಒಳ್ಳೆ ಉದಾಹರಣೆ, ಏಕೆಂದರೆ ಅಲ್ಲಿ ಎರಡೂ ಥರದ ದ್ವೀಪಗಳಿವೆ. ಮಾಲೆಯ ವೆಲಾನಾ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಬೋಟು ನಿಲ್ಲುವ ಕಟ್ಟೆ. ಹತ್ತಿರದ ದ್ವೀಪಗಳಿಗೆ ಸ್ಪೀಡ್ ಬೋಟಿನಲ್ಲಿ ಹೋಗಬಹುದು, ರಾತ್ರಿ ಇಳಿದರೂ ಸಾಮಾನ್ಯವಾಗಿ ಕರೆದೊಯ್ಯುತ್ತಾರೆ. ದೂರದ ದ್ವೀಪಗಳಿಗೆ ಸೀ ಪ್ಲೇನ್. ಬಹುತೇಕ ಟ್ವಿನ್ ಆಟರ್ ಅನ್ನೋ ಪುಟ್ಟ ವಿಮಾನಗಳು, ಹದಿನೈದು ಜನರ ಆಸುಪಾಸು ಹಿಡಿಯುತ್ತವೆ. ಮೇಲಿನಿಂದ ಕಾಣುವ ಹವಳದ ಉಂಗುರಗಳ ನೋಟಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಅದು ಹಗಲು ಬೆಳಕಿದ್ದಾಗ ಮಾತ್ರ ಹಾರುತ್ತೆ. ಇಳಿಯೋದು ಸಮುದ್ರದ ಮೇಲೆ, ಅಲ್ಲಿ ರನ್‌ವೇ ದೀಪ ಎಲ್ಲಿಂದ ಬರಬೇಕು? ಮಧ್ಯಾಹ್ನ ಮೂರೂವರೆ ಹೊತ್ತಿಗಾದರೂ ಮಾಲೆಯಲ್ಲಿ ಇಳಿಯದಿದ್ದರೆ ಅವತ್ತಿನ ಸೀ ಪ್ಲೇನ್ ಸಿಗುವುದು ಕಷ್ಟ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರೋದಿಲ್ಲ: ನಿಮ್ಮ ಸೀ ಪ್ಲೇನ್ ಎಷ್ಟು ಗಂಟೆಗೆ ಅನ್ನೋದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆಯಷ್ಟೇ ಗೊತ್ತಾಗುತ್ತೆ. ಒಂದೇ ವಿಮಾನ ಎರಡು ಮೂರು ದ್ವೀಪಗಳವರನ್ನು ಹತ್ತಿಸಿಕೊಂಡು ಒಂದೊಂದೇ ಕಡೆ ಇಳಿಸುತ್ತಾ ಹೋಗಬಹುದು.

ನನ್ನ ಹತ್ತಿರ ಆಮೇಲೆ ಬಂದ ಒಂದು ದಂಪತಿ, ಅದಕ್ಕೂ ಮುಂಚೆ ಒಮ್ಮೆ ತಾವೇ ಎಲ್ಲ ಬುಕ್ ಮಾಡಿಕೊಂಡು ಹೋಗಿದ್ದರು. ಫ್ಲೈಟ್ ಇಳಿದದ್ದು ಸಂಜೆ ನಾಲ್ಕೂವರೆಗೆ. ಕೊನೆಯ ಸೀ ಪ್ಲೇನ್ ಹೊರಟುಹೋಗಿತ್ತು. ಮೊದಲ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ, ರೆಸಾರ್ಟಿನಲ್ಲಿ ಅದೇ ರಾತ್ರಿಯ ಬಾಡಿಗೆಯೂ ಲೆಕ್ಕಕ್ಕೆ. ಶನಿವಾರ ಬೆಳಗ್ಗೆ ಸರದಿ ಬಂದು ದ್ವೀಪ ಮುಟ್ಟುವಾಗ ಊಟದ ಹೊತ್ತು. ಭಾನುವಾರ ವಾಪಸ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ವಾಪಸ್ ಬರುವಾಗಲೂ ಇದೇ ಕಥೆ. ಬೆಳಗ್ಗೆ ಬೇಗ ಹೊರಡುವ ಫ್ಲೈಟ್ ಅಗ್ಗ ಅಂತ ತೆಗೆದುಕೊಂಡರೆ, ಬೆಳಕು ಹರಿದ ಮೇಲೆ ಹಾರುವ ಸೀ ಪ್ಲೇನ್ ನಿಮ್ಮನ್ನು ಹೊತ್ತಿಗೆ ಮುಟ್ಟಿಸುವುದಿಲ್ಲ, ಹಿಂದಿನ ಸಂಜೆಯೇ ದ್ವೀಪ ಬಿಡಬೇಕಾಗುತ್ತೆ. ಭಾನುವಾರ ಸಂಜೆ ಅಥವಾ ರಾತ್ರಿಯ ಫ್ಲೈಟ್ ಹಿಡಿಯಿರಿ. ಟಿಕೆಟ್‌ಗೆ ಸ್ವಲ್ಪ ಜಾಸ್ತಿ ಆದರೂ ಸರಿ. ಹೋಗುವಾಗ ಗುರುವಾರ ರಾತ್ರಿಯ ಫ್ಲೈಟ್ ಸಿಕ್ಕಿ, ಶುಕ್ರವಾರ ಬೆಳಗ್ಗೆ ದ್ವೀಪದಲ್ಲಿದ್ದರೆ ಇನ್ನೂ ಒಳ್ಳೆಯದು. ರೂಮು ಮಧ್ಯಾಹ್ನ ಕೊಡಲಿ ಬಿಡಿ, ಬಟ್ಟೆ ಬದಲಿಸಲು ಜಾಗ ಇದ್ದರೆ ಸಾಕು, ಸಮುದ್ರಕ್ಕೆ ಚೆಕ್ ಇನ್ ಇಲ್ಲವಲ್ಲ.

ಇಲ್ಲೊಂದು ಸಣ್ಣ ತಮಾಷೆಯೂ ಇದೆ. ಮಾಲ್ಡೀವ್ಸ್‌ನ ಕೆಲವು ರೆಸಾರ್ಟ್‌ಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟುಕೊಂಡಿರುತ್ತವೆ, ಅತಿಥಿಗಳಿಗೆ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. ನಿಮ್ಮ ಫೋನ್ ತೋರಿಸೋದು ಮಾಲೆ ಸಮಯ, ರೂಮಿನ ಗಡಿಯಾರ ತೋರಿಸೋದು ದ್ವೀಪದ ಸಮಯ. ವಾಪಸ್ ಬೋಟು 3ಕ್ಕೆ ಅಂದರೆ ಯಾವ 3 ಅಂತ ಕೇಳಿ ಬರೆದುಕೊಳ್ಳಿ.

ಈಗ ವಿಲ್ಲಾ. ನೀರಿನ ಮೇಲಿನ ಮನೆ ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಅನ್ನೋದು ಈಗ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಇಂಥ ಹೋಟೆಲ್ ಕೋಣೆಗಳು ಮೊದಲು ಬಂದದ್ದು 1967ರಲ್ಲಿ, ಫ್ರೆಂಚ್ ಪಾಲಿನೇಷ್ಯಾದ ರಾಯಾಟಿಯ ದ್ವೀಪದಲ್ಲಿ. ಅಲ್ಲಿ ಹೇಳಿಕೊಳ್ಳುವಂಥ ಮರಳ ದಂಡೆ ಇರಲಿಲ್ಲ. ಹೋಟೆಲ್ ನಡೆಸುತ್ತಿದ್ದ ಅಮೆರಿಕನ್ನರು ಕಂಬ ನೆಟ್ಟು ನೀರಿನ ಮೇಲೇ ಕೋಣೆ ಕಟ್ಟಿದರು. ದಂಡೆ ಇಲ್ಲದ್ದಕ್ಕೆ ಹುಡುಕಿದ ಉಪಾಯ ಇದು. ದಂಡೆ ಚೆನ್ನಾಗಿರುವ ದ್ವೀಪದಲ್ಲಿ, ಅದರಲ್ಲೂ ಚಿಕ್ಕ ಮಕ್ಕಳು ಜೊತೆಗಿದ್ದರೆ, ನಾನು ಮರಳಿನ ಮೇಲಿನ ವಿಲ್ಲಾವನ್ನೇ ಹೇಳುತ್ತೇನೆ. ಮರದ ನೆರಳಿರುತ್ತೆ, ಬಾಗಿಲು ತೆಗೆದರೆ ಕಾಲ ಕೆಳಗೇ ಮರಳು. ಊಟಕ್ಕೆ ಹೋಗಲು ಉದ್ದ ಸೇತುವೆಯ ಮೇಲೆ ಬಿಸಿಲಲ್ಲಿ ನಡೆಯೋದು ಅಥವಾ ಬಗ್ಗಿ ಅನ್ನೋ ಪುಟ್ಟ ಗಾಡಿಗಾಗಿ ಫೋನ್ ಮಾಡಿ ಕಾಯೋದು ತಪ್ಪುತ್ತೆ.

ನೀರಿನ ಮೇಲೆಯೇ ಬೇಕು ಅಂದರೆ ಸರಿ, ಆಗ ಯಾವ ದಿಕ್ಕು ಅಂತ ನೋಡಿ. ಸನ್‌ಸೆಟ್ ವಿಲ್ಲಾಗೆ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಅದು ಪಶ್ಚಿಮಕ್ಕಿರುತ್ತೆ, ಅಂದರೆ ಮಧ್ಯಾಹ್ನ ಎರಡರಿಂದ ಐದರವರೆಗೆ ಡೆಕ್ಕಿನ ಹಲಗೆ ಕಾದು ಕಾಲಿಡಲು ಆಗುವುದಿಲ್ಲ. ನೀವು ಚೆಕ್ ಇನ್ ಆಗಿ ಡೆಕ್ಕಿಗೆ ಬಂದು ಕೂರಬೇಕು ಅಂದುಕೊಳ್ಳುವ ಹೊತ್ತೇ ಅದು! ಪೂರ್ವದ ವಿಲ್ಲಾದಲ್ಲಿ ಆ ಹೊತ್ತಿಗೆ ಮನೆಯದೇ ನೆರಳು ಡೆಕ್ಕಿನ ಮೇಲೆ ಬಿದ್ದಿರುತ್ತೆ. ಇನ್ನು ಗಾಳಿ. ಮಾಲ್ಡೀವ್ಸ್‌ನಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತ, ಗಾಳಿ ಅಲೆ ಎರಡೂ ಹೆಚ್ಚಾಗಿ ಪಶ್ಚಿಮದ ಕಡೆಯಿಂದಲೇ. ಆ ತಿಂಗಳುಗಳಲ್ಲಿ ಜಾಸ್ತಿ ದುಡ್ಡು ಕೊಟ್ಟು ಪಶ್ಚಿಮಕ್ಕೆ ಹೋದರೆ ರಾತ್ರಿಯೆಲ್ಲ ಕಂಬಕ್ಕೆ ನೀರು ಬಡಿಯುವ ಸದ್ದು ಕೇಳಬೇಕಾದೀತು. ಸೂರ್ಯ ಮುಳುಗೋದನ್ನು ನೋಡಬೇಕಲ್ವಾ? ಚಿಕ್ಕ ದ್ವೀಪದಲ್ಲಿ ಈ ದಡದಿಂದ ಆ ದಡಕ್ಕೆ ಕೆಲವೇ ನಿಮಿಷದ ನಡಿಗೆ. ಆರು ಗಂಟೆಯ ಆಸುಪಾಸು ಹೋಗಿ ನಿಲ್ಲಿ, ಸಮಭಾಜಕದ ಹತ್ತಿರ ಮುಳುಗಿದ ಮೇಲೆ ಕತ್ತಲೂ ಬೇಗ ಕವಿಯುತ್ತೆ.

ಉಬ್ಬರ ಇಳಿತವನ್ನು ಪ್ರವಾಸ ಯೋಜಿಸುವವರಲ್ಲೂ ಅನೇಕರು ನೋಡುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಉಬ್ಬರವೂ ಜೋರು, ಇಳಿತವೂ ಜೋರು. ಮಾಲ್ಡೀವ್ಸ್‌ನಲ್ಲಿ ಏರಿಳಿತ ಕಡಿಮೆ, ಅಷ್ಟಾಗಿ ತೊಂದರೆಯಿಲ್ಲ. ಆಫ್ರಿಕಾದ ಪಕ್ಕದ ಜಾಂಜಿಬಾರ್ ದ್ವೀಪದ ಪೂರ್ವ ಕರಾವಳಿಯಲ್ಲಿ ಆ ದಿನಗಳಲ್ಲಿ ನೀರು ಎಷ್ಟು ದೂರ ಹಿಂದೆ ಸರಿಯುತ್ತೆ ಅಂದರೆ, ಫೋಟೊದಲ್ಲಿ ನೋಡಿದ ನೀಲಿ ಸಮುದ್ರ ಎಲ್ಲಿ ಅಂತ ಹುಡುಕಬೇಕು. ಒಂದು ವಾರ ಇದ್ದರೆ ಅದರದ್ದೂ ಒಂದು ಚೆಂದ ಇದೆ, ಬರಿಗಾಲಲ್ಲಿ ನಡೆದು ಹೋಗಬಹುದು. ಇರೋದೇ ಒಂದು ಪೂರ್ತಿ ದಿನ, ಅವತ್ತು ಮಧ್ಯಾಹ್ನವೇ ಇಳಿತ ಅಂದರೆ ಈಜು ಮುಗಿದ ಹಾಗೆ. ಆ ಊರಿನ ಟೈಡ್ ಟೇಬಲ್, ಅಂದರೆ ಉಬ್ಬರ ಇಳಿತದ ವೇಳಾಪಟ್ಟಿ, ಆನ್‌ಲೈನ್‌ನಲ್ಲಿ ಸುಮ್ನೆ ಸಿಗುತ್ತೆ, ದಿನಾಂಕ ಗಟ್ಟಿ ಮಾಡುವ ಮೊದಲು ಐದು ನಿಮಿಷ ನೋಡಿ.

ಮಳೆಯ ಬಗ್ಗೆ ಹೇಳೋದಾದರೆ, ಫೋನಿನ ಹವಾಮಾನ ಆಪ್ ನೋಡಿ ಹೆದರಬೇಡಿ. ಉಷ್ಣವಲಯದ ದ್ವೀಪಕ್ಕೆ ಅದು ಹತ್ತೂ ದಿನ ಮೋಡ, ಮಿಂಚು ತೋರಿಸುತ್ತಲೇ ಇರುತ್ತೆ. ಇಪ್ಪತ್ತು ನಿಮಿಷ ಸುರಿದು ನಿಲ್ಲುವ ಮಳೆಗೂ ಅದೇ ಚಿತ್ರ. ನೋಡಬೇಕಾದದ್ದು ಋತು. ಅದು ಒಂದೇ ದೇಶದಲ್ಲೂ ಒಂದೇ ಥರ ಇರೋದಿಲ್ಲ: ಥಾಯ್ಲೆಂಡ್‌ನ ಪಶ್ಚಿಮಕ್ಕಿರುವ ಫುಕೆಟ್‌ನಲ್ಲಿ ಮೇಯಿಂದ ಅಕ್ಟೋಬರ್ ಮಳೆಗಾಲ, ಪೂರ್ವಕ್ಕಿರುವ ಕೊ ಸಮುಯಿಯಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಜುಲೈನಲ್ಲಿ ಒಂದು ಕಡೆ ಅಲೆ ಎದ್ದು ಕೆಂಪು ಬಾವುಟ ಹಾರುವಾಗ ಇನ್ನೊಂದು ಕಡೆ ಶಾಂತವಾಗಿರುತ್ತೆ. ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಮಾರಿಷಸ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್. ಆ ತಿಂಗಳಲ್ಲಿ ಹೋಗಲೇಬಾರದು ಅಂತಲ್ಲ, ರದ್ದು ಮಾಡಿದರೆ ಹಣ ವಾಪಸ್ ಸಿಗುವ ಬುಕ್ಕಿಂಗ್ ಮಾಡಿ ಅಷ್ಟೇ.

ಡೈವಿಂಗ್ ಮಾಡುವವರಿಗೆ ಇನ್ನೊಂದು ಲೆಕ್ಕ ಇದೆ, ಇದರಲ್ಲಿ ರಾಜಿ ಇಲ್ಲ. ನೀರಿನಾಳದಲ್ಲಿ ಉಸಿರಾಡುವಾಗ ಮೈಯಲ್ಲಿ ನೈಟ್ರೋಜನ್ ಸೇರಿರುತ್ತೆ, ಅದು ಮೆಲ್ಲಗೆ ಹೊರಹೋಗಬೇಕು. ವಿಮಾನದಲ್ಲಿ ಗಾಳಿಯ ಒತ್ತಡ ಕಡಿಮೆ, ಬೇಗ ಹತ್ತಿದರೆ ಅದು ಗುಳ್ಳೆಯಾಗಿ ಅಪಾಯ ತರುತ್ತೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಬಿಡಬೇಕು. ಮೇಲೆ ಬರುವಾಗ ನಡುವೆ ತಡೆದು ನಿಲ್ಲಲೇಬೇಕಾದ ಡಿಕಂಪ್ರೆಶನ್ ಡೈವ್ ಆದರೆ ಅದಕ್ಕಿಂತಲೂ ಜಾಸ್ತಿ. ಭಾನುವಾರ ಮಧ್ಯಾಹ್ನ 12ಕ್ಕೆ ಸೀ ಪ್ಲೇನ್ ಹತ್ತಬೇಕು ಅಂದರೆ ಎರಡು ಡೈವ್ ಮಾಡುವವರು ಶನಿವಾರ ಸಂಜೆ 6ರೊಳಗೇ ಮುಗಿಸಬೇಕು. ಸೀ ಪ್ಲೇನ್ ಕೂಡ ವಿಮಾನವೇ. ಇಷ್ಟು ಕಟ್ಟುಪಾಡು ಬೇಡ ಎನ್ನುವವರು ಮೂತಿಗೆ ಕೊಳವೆ ಕಟ್ಟಿಕೊಂಡು ನೀರಿನ ಮೇಲ್ಮೈಯಲ್ಲೇ ಈಜುವ ಸ್ನಾರ್ಕೆಲಿಂಗ್ ಸಾಕು ಅಂದುಕೊಂಡು, ದಡದಿಂದ ಈಜಿ ಮುಟ್ಟುವಷ್ಟು ಹತ್ತಿರ ಹವಳ ಇರುವ ದ್ವೀಪ ಆರಿಸಿ. ಇದಕ್ಕೆ ಹೌಸ್ ರೀಫ್ ಅಂತಾರೆ. ಬೋಟಿನಲ್ಲಿ ಕರೆದುಕೊಂಡು ಹೋಗಿ ಬರುವ ಅರ್ಧ ದಿನ ನಿಮ್ಮದಾಗಿ ಉಳಿಯುತ್ತೆ. ಸನ್‌ಸ್ಕ್ರೀನ್ ಡಬ್ಬಿಯ ಹಿಂದಿನ ಪಟ್ಟಿಯನ್ನೂ ಓದಿಬಿಡಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನನ್ನು ಪಲಾವ್ ದೇಶ 2020ರಲ್ಲಿ ನಿಷೇಧಿಸಿತು, ಹವಾಯಿಯಲ್ಲಿ 2021ರಿಂದ ಮಾರಾಟವೇ ಇಲ್ಲ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇದೆಯಾ ನೋಡಿ. ಸರ್ವಿಸ್ ಚಾರ್ಜ್, ಟ್ಯಾಕ್ಸ್ ಎರಡೂ ಬೇರೆ ಅಂತ ಅದರ ಅರ್ಥ. ಮಾಲ್ಡೀವ್ಸ್‌ನಲ್ಲಿ 2025ರ ಜುಲೈಯಿಂದ ಪ್ರವಾಸಿಗರ ಮೇಲಿನ ಜಿಎಸ್‌ಟಿ ಶೇ 17, ಜಿಎಸ್‌ಟಿ ಹಾಕುವ ಮೊದಲೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಶೇ 10 ಸೇರಿರುತ್ತೆ, ಅಂದರೆ 100 ಅಂತ ಬರೆದದ್ದು ಸುಮಾರು 129 ಆಗುತ್ತೆ. ರೆಸಾರ್ಟ್‌ನಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್ ಬೇರೆ. ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಕರೆದೊಯ್ದು ವಾಪಸ್ ಬಿಡುವ ಟ್ರಾನ್ಸ್‌ಫರ್ ದರವಂತೂ ಎರಡು ರಾತ್ರಿಗಾದರೂ ಹತ್ತು ರಾತ್ರಿಗಾದರೂ ಒಂದೇ, ಹಾಗಾಗಿ ವೀಕೆಂಡ್‌ನವರಿಗೆ ಮೂಗಿಗಿಂತ ಮೂಗುತಿ ಭಾರ ಆಗೋದು ಇಲ್ಲಿಯೇ. ಮೊದಲೇ ಕೇಳಿ, ಒಟ್ಟು ಮೊತ್ತ ಬರೆಸಿಕೊಳ್ಳಿ. ಊಟ ಸೇರಿಸಿಯೇ ತೆಗೆದುಕೊಳ್ಳಿ, ದ್ವೀಪದಲ್ಲಿ ಇರೋದು ಅವರ ರೆಸ್ಟೋರೆಂಟ್‌ಗಳೇ.

ಬುಕ್ ಮಾಡುವ ಮೊದಲು ರೆಸಾರ್ಟ್‌ಗೆ ನಾನು ಕಳಿಸುವ ಮೇಲ್ ಹೆಚ್ಚು ಕಡಿಮೆ ಹೀಗಿರುತ್ತೆ: "ನಮ್ಮ ಫ್ಲೈಟ್ ಇಂಥ ದಿನ ಇಷ್ಟು ಗಂಟೆಗೆ ಇಳಿಯುತ್ತದೆ, ಅವತ್ತೇ ದ್ವೀಪ ಸೇರುತ್ತೇವೆಯೇ? ಆ ತಿಂಗಳು ಗಾಳಿ ಯಾವ ಕಡೆಯಿಂದ, ನೀವು ಕೊಡುವ ವಿಲ್ಲಾ ಯಾವ ಕಡೆಗಿದೆ? ದ್ವೀಪದಲ್ಲಿ ಅಥವಾ ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ? ಭಾನುವಾರ ಸಂಜೆಯವರೆಗೆ ವಿಲ್ಲಾ ಇಟ್ಟುಕೊಳ್ಳಲು ಎಷ್ಟು ಕೊಡಬೇಕು?" ಕೊನೆಯ ಪ್ರಶ್ನೆಗೆ, ಅವತ್ತು ರೂಮು ಖಾಲಿ ಇದ್ದರೆ ನೋಡೋಣ ಅಂತ ಉತ್ತರ ಬಂದರೆ ಇಲ್ಲ ಅಂತಲೇ ತಿಳಿದುಕೊಳ್ಳಿ. ಆಗ ಎರಡು ದಾರಿ: ಅರ್ಧ ದಿನದ ಬಾಡಿಗೆ ಈಗಲೇ ಕೊಟ್ಟು ಗಟ್ಟಿ ಮಾಡಿಕೊಳ್ಳುವುದು, ಇಲ್ಲವೇ ಚೆಕ್ ಔಟ್ ಆದವರಿಗೆ ಸ್ನಾನದ ಕೋಣೆ, ಲಾಕರ್ ಇದೆಯಾ ಅಂತ ಕೇಳಿ, ಒಣ ಬಟ್ಟೆಯ ಒಂದು ಕೈಚೀಲ ಬೇರೆಯಾಗಿ ಇಟ್ಟುಕೊಂಡು ಬೋಟು ಬರುವವರೆಗೂ ನೀರಿನಲ್ಲೇ ಇರುವುದು.