ಎಲ್ಲರೂ ಎಡಗೈ ನೋಡಿದರು

1938ರ ಸುಮಾರಿಗೆ ತೆಗೆದ ಒಂದು ಕಪ್ಪು-ಬಿಳುಪು ಕಿರುಚಿತ್ರದ ತುಣುಕು ಯೂಟ್ಯೂಬಿನಲ್ಲಿ ಸಿಗುತ್ತದೆ. ತೆಳು ಮೀಸೆಯ ಒಬ್ಬಾತ ಗಿಟಾರ್ ನುಡಿಸುತ್ತಿದ್ದಾನೆ. ಕ್ಯಾಮೆರಾ ಎಡಗೈ ಹತ್ತಿರ ಬರುತ್ತದೆ. ತಂತಿಗಳ ಮೇಲೆ ಓಡುತ್ತಿರುವುದು ತೋರುಬೆರಳು, ನಡುಬೆರಳು ಎರಡೇ. ಉಳಿದೆರಡು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿಕೊಂಡಿವೆ. ಮೊದಲ ಸಲ ನೋಡಿದಾಗ ನನಗೆ ಸಂಗೀತ ಕೇಳಿಸಲೇ ಇಲ್ಲ. ಸುಮ್ನೆ ಬೆರಳು ಎಣಿಸುತ್ತಾ ಕೂತಿದ್ದೆ. ಬೆರಳೆಲ್ಲ ನೆಟ್ಟಗಿದ್ದೂ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯಲಾಗದೆ ಗಿಟಾರ್ ಕ್ಲಾಸ್ ಬಿಟ್ಟವನು ನಾನು.

ಆತ ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್. ಹುಟ್ಟಿದ್ದು 1910ರ ಜನವರಿ 23ರಂದು, ಬೆಲ್ಜಿಯಂನ ಲಿಬರ್ಶಿ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಪ್ಯಾರಿಸ್ ಊರಾಚೆಯ ಬಿಡಾರಗಳಲ್ಲಿ, ಬಂಡಿಯೇ ಮನೆ. ರೋಮಾನಿ ಅಲೆಮಾರಿಗಳಲ್ಲಿ ಇವರದು ಮನೂಷ್ ಪಂಗಡ. ರೋಮಾನಿ ಭಾಷೆಯ ಬೇರು ಭಾರತದಲ್ಲೇ ಇದೆ. ಮನೂಷ್ ಅಂದರೆ ನಾವು ಹೇಳುವ ಮನುಷ್ಯನೇ. ಜ್ಯಾಂಗೋ ಎಂಬ ಅಡ್ಡಹೆಸರಿಗೆ 'ಎಚ್ಚರಗೊಳ್ಳುತ್ತೇನೆ' ಎಂದು ಅರ್ಥ ಹೇಳುತ್ತಾರೆ. ಶಿವರಾತ್ರಿಯ ಜಾಗರಣೆ ಅಷ್ಟು ದೂರ ಹೋಗಿದೆ ನೋಡಿ!

ಹನ್ನೆರಡರ ವಯಸ್ಸಿನಲ್ಲಿ ಅವನ ಕೈಗೆ ಒಂದು ಬ್ಯಾಂಜೋ-ಗಿಟಾರ್ ಬಂತು. ಶಾಲೆಯ ಮುಖ ಸರಿಯಾಗಿ ನೋಡದ ಹುಡುಗ ಪ್ಯಾರಿಸ್ಸಿನ ಡ್ಯಾನ್ಸ್ ಹಾಲ್‌ಗಳಲ್ಲಿ ಅಕಾರ್ಡಿಯನ್ನಿಗೆ ಪಕ್ಕವಾದ್ಯ ನುಡಿಸುತ್ತಾ ಹೊಟ್ಟೆ ಹೊರೆದ. 1928ರಲ್ಲಿ ಮೊದಲ ರೆಕಾರ್ಡ್ ಬಂತು. ಲೇಬಲ್ ಮೇಲೆ ಹೆಸರು 'ಜಿಯಾಂಗೋ ರೆನಾರ್' ಎಂದು ಅಚ್ಚಾಗಿತ್ತು. ಓದಲು ಬಾರದ ಜ್ಯಾಂಗೋ ಅದನ್ನು ತಿದ್ದುವುದಾದರೂ ಹೇಗೆ?

ಅದೇ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಬಂಡಿಗೆ ಬೆಂಕಿ ಬಿತ್ತು. ಹೆಂಡತಿ ಮಾರಾಟಕ್ಕೆಂದು ಸೆಲ್ಯುಲಾಯ್ಡ್ ಹೂ ಮಾಡುತ್ತಿದ್ದಳು. ಬಂಡಿ ತುಂಬ ಅವೇ ಹೂಗಳು. ಸೆಲ್ಯುಲಾಯ್ಡ್‌ಗೆ ಕಿಡಿ ತಾಗಿದರೆ ಭಗ್ ಎನ್ನುತ್ತದೆ, ಇಲ್ಲಿ ತಾಗಿದ್ದು ಮೋಂಬತ್ತಿ. ಇಬ್ಬರೂ ಜೀವ ಉಳಿಸಿಕೊಂಡು ಹೊರಬಂದರು. ಆದರೆ ಹದಿನೆಂಟರ ಜ್ಯಾಂಗೋನ ಬಲಗಾಲು, ಎಡಗೈ ಬೆಂದುಹೋಗಿದ್ದವು. ಕಾಲು ಕತ್ತರಿಸಬೇಕು ಎಂದರು ಡಾಕ್ಟರು. ಅವನು ಒಪ್ಪಲಿಲ್ಲ. ಕಾಲು ಉಳಿಯಿತು. ಎಡಗೈಯ ಉಂಗುರ ಬೆರಳು, ಕಿರುಬೆರಳು ಮಾತ್ರ ಮುದುಡಿಯೇ ಉಳಿದವು. ಚೇತರಿಸಿಕೊಳ್ಳಲು ಸುಮಾರು ಒಂದೂವರೆ ವರ್ಷ ಬೇಕಾಯಿತು. ತಮ್ಮ ಜೋಸೆಫ್ ತಂದುಕೊಟ್ಟ ಗಿಟಾರ್ ಹಿಡಿದು ಹಾಸಿಗೆಯ ಮೇಲೇ ಹೊಸದಾಗಿ ಕಲಿಯತೊಡಗಿದ.

ಕಲಿತದ್ದೇನು ಎಂಬುದೇ ಇಲ್ಲಿ ಸ್ವಾರಸ್ಯ. ಮಾಮೂಲಿ ಗಿಟಾರ್ ವಾದಕ ನಾಲ್ಕು ಬೆರಳನ್ನು ಗಿಟಾರಿನ ಕತ್ತಿನ ಮೇಲಿನ ನಾಲ್ಕು ಮೆಟ್ಟಿಲಿಗೆ (ಫ್ರೆಟ್) ಹಂಚುತ್ತಾನೆ. ಕೈ ಇದ್ದಲ್ಲೇ ಇರುತ್ತದೆ, ಬೆರಳು ಒಂದು ತಂತಿಯಿಂದ ಇನ್ನೊಂದಕ್ಕೆ ಅಡ್ಡಡ್ಡ ಹೋಗುತ್ತವೆ. ಎರಡೇ ಬೆರಳಿದ್ದರೆ ಅದು ಸಾಗುವುದಿಲ್ಲ. ಹಾಗಾಗಿ ಜ್ಯಾಂಗೋ ಇಡೀ ಕೈಯನ್ನೇ ಗಿಟಾರಿನ ಉದ್ದಕ್ಕೂ ಓಡಿಸಿದ. ಕೆಳಗಿನಿಂದ ಮೇಲಿನವರೆಗೆ ಸರ್ರನೆ ಜಾರುವ ಅವನ ಓಟಗಳು ಹುಟ್ಟಿದ್ದು ಹೀಗೆ. ನಮ್ಮ ವೀಣೆ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನಿಸದು. ಅಲ್ಲೂ ಮೆಟ್ಟಿಲ ಮೇಲೆ ಓಡಾಡುವುದು ಇವೇ ಎರಡು ಬೆರಳು, ಅಲ್ವಾ?

ಮುದುಡಿದ ಬೆರಳುಗಳು ಪೂರ್ತಿ ದಂಡವಾಗಲಿಲ್ಲ. ಕಾರ್ಡ್ ಹಿಡಿಯುವಾಗ ಅವುಗಳನ್ನು ಮೊದಲೆರಡು ತಂತಿಗಳ ಮೇಲೆ ಆನಿಸುತ್ತಿದ್ದ. ದಪ್ಪ ತಂತಿಗೆ ಹೆಬ್ಬೆರಳನ್ನು ಹಿಂದಿನಿಂದ ತರುತ್ತಿದ್ದ. ಅಗಲಕ್ಕೆ ಕೈ ಚಾಚುವ ಕಾರ್ಡ್ ಬಿಟ್ಟು ಮೂರ್ನಾಲ್ಕು ಸ್ವರದ ಪುಟ್ಟ ಕಾರ್ಡ್‌ಗಳನ್ನು ಕಟ್ಟಿಕೊಂಡ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಕರಾರು ಇದೆ. ಇವನ ಕಥೆ ಹೇಳುವವರೆಲ್ಲ ಎಡಗೈಯನ್ನೇ ಹೇಳುತ್ತಾರೆ. ಬಲಗೈ? ಮೈಕ್ ಇಲ್ಲದ ಹಾಲ್‌ನಲ್ಲಿ, ಅಕಾರ್ಡಿಯನ್ ಗದ್ದಲದ ನಡುವೆ ಕೇಳಿಸಬೇಕಾದರೆ ತಂತಿ ಹೇಗೆ ಮೀಟಬೇಕು ಎನ್ನುವುದನ್ನು ಅದು ಬೆಂಕಿ ಬೀಳುವ ಮೊದಲೇ ಕಲಿತಾಗಿತ್ತು. ಸ್ವರಗಳು ಮಣಿಯಂತೆ ಬಿಡಿಬಿಡಿಯಾಗಿ ಉದುರುವುದು ಆ ಮಣಿಕಟ್ಟಿನಿಂದ. ಬೆಂಕಿ ಅದನ್ನು ಮುಟ್ಟಲಿಲ್ಲ. ಎರಡು ಬೆರಳಿನ ಪವಾಡ ಎನ್ನುವಾಗ ಈ ಲೆಕ್ಕವನ್ನೂ ಹಿಡಿಯಬೇಕು.

ಮುಂದಿನದು ಬಹಳ ಜನಕ್ಕೆ ಗೊತ್ತು. 1934ರಲ್ಲಿ ಪಿಟೀಲುಗಾರ ಸ್ಟೆಫಾನ್ ಗ್ರಾಪೆಲಿ ಜೊತೆ ಪ್ಯಾರಿಸ್ಸಿನಲ್ಲಿ ಹಾಟ್ ಕ್ಲಬ್ ಕ್ವಿಂಟೆಟ್ ಎಂಬ ಐವರ ತಂಡ ಕಟ್ಟಿದ. ಮೂರು ಗಿಟಾರ್, ಒಂದು ಪಿಟೀಲು, ಒಂದು ಡಬಲ್ ಬಾಸ್. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ತಾಳವನ್ನೂ ಗಿಟಾರುಗಳೇ ಹೊತ್ತವು. ಅಮೆರಿಕದ ಸಂಗೀತ ಎನಿಸಿಕೊಂಡಿದ್ದ ಜಾಝ್‌ಗೆ ಯುರೋಪಿನ ದನಿ ಸಿಕ್ಕಿತು. 1939ರಲ್ಲಿ ಯುದ್ಧ ಶುರುವಾದಾಗ ಇಬ್ಬರೂ ಇಂಗ್ಲೆಂಡಿನಲ್ಲಿದ್ದರು. ಗ್ರಾಪೆಲಿ ಅಲ್ಲೇ ಉಳಿದ, ಜ್ಯಾಂಗೋ ಪ್ಯಾರಿಸ್ಸಿಗೆ ವಾಪಸಾದ. ನಾಜಿಗಳು ರೋಮಾನಿ ಜನರನ್ನು ಹಿಡಿದು ಕೊಲ್ಲುತ್ತಿದ್ದ ಕಾಲ ಅದು. ಸ್ವಿಟ್ಜರ್ಲೆಂಡಿಗೆ ದಾಟಲು ನೋಡಿದ, ಆಗಲಿಲ್ಲ. ಆದರೂ ಬದುಕಿ ಉಳಿದ. 1946ರಲ್ಲಿ ಡ್ಯೂಕ್ ಎಲಿಂಗ್ಟನ್ ಜೊತೆ ಅಮೆರಿಕ ಸುತ್ತಿದ. 1953ರ ಮೇ 16ರಂದು ತೀರಿಕೊಂಡಾಗ ಅವನಿಗೆ ಬರೀ 43 ವರ್ಷ.

ಆಮೇಲೆ ಅವನ ಕೈ ಇನ್ನೊಬ್ಬನ ಬದುಕಿಗೆ ಬಂತು. 1960ರ ದಶಕ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆ. ಗಿಟಾರ್ ನುಡಿಸುತ್ತಿದ್ದ ಟೋನಿ ಅಯೋಮಿಗೆ ಹದಿನೇಳು ವರ್ಷ, ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿಗಳು ಹೋದವು. ಗಿಟಾರ್ ಮುಗಿಯಿತು ಎಂದು ಮನೆಯಲ್ಲಿ ಕೂತಿದ್ದಾಗ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ತಂದು ಕೇಳಿಸಿದ. ಜ್ಯಾಂಗೋನದು. ನುಡಿಸುತ್ತಿರುವುದು ಎರಡು ಬೆರಳಲ್ಲಿ ಎಂದು ಆಮೇಲೆ ಹೇಳಿದ.

ಅಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಜಾರದಿರಲಿ ಎಂದು ಹಳೆ ಜಾಕೆಟ್ಟಿನ ತೊಗಲು ಅಂಟಿಸಿದ. ಗಿಟಾರಿನ ತಂತಿ ಒತ್ತಿದರೆ ನೋವು ಜಾಸ್ತಿ, ಅದಕ್ಕೆ ತೆಳುವಾದ ಬ್ಯಾಂಜೋ ತಂತಿ ಕಟ್ಟಿದ. ಮುಂದೆ ಶ್ರುತಿಯನ್ನೂ ಇಳಿಸಿದ, ಹೆವಿ ಮೆಟಲ್ ಎಂಬ ರಾಕ್ ಸಂಗೀತದ ಆ ಭಾರದ ದನಿ ಬಂತು. ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ 1970ರದು. ಆ ಕಾಲದ ವಿಡಿಯೋ ನೋಡುವುದಾದರೆ ಎಡಗೈಯಲ್ಲಿ ಪೆಟ್ಟು ಹುಡುಕಬೇಡಿ. ಅಯೋಮಿ ಎಡಚ, ತೊಗಲಿನ ಟೋಪಿ ಇರುವುದು ಬಲಗೈಯಲ್ಲಿ.