ಪೈಥಾನ್ ಡಾಕ್ಯುಮೆಂಟೇಶನ್‌ನಲ್ಲಿ ಕಂಡ ತಪ್ಪನ್ನು ನಾನೇ ತಿದ್ದಬಹುದಾ?

ಪ್ರಶ್ನೆ: ಪೈಥಾನ್ ಡಾಕ್ಯುಮೆಂಟೇಶನ್ ಓದುವಾಗ ಒಂದು ಕಡೆ ಕೋಡ್ ಅಕ್ಷರದಲ್ಲಿ ಬರಬೇಕಾದ ಹೆಸರು ಓರೆ ಅಕ್ಷರದಲ್ಲಿ ಬಂದಿತ್ತು. ಇನ್ನೊಂದು ಕಡೆ ಬ್ಯಾಕ್‌ಟಿಕ್ (`) ಗುರುತು ಹಾಗೇ ಉಳಿದಿತ್ತು. ಎರಡನೇ ವರ್ಷದ ವಿದ್ಯಾರ್ಥಿನಿ ನಾನು. ಇದನ್ನು ತಿದ್ದಬಹುದಾ?
– ಓದುಗರೊಬ್ಬರು, ಸುರತ್ಕಲ್

ಧಾರಾಳವಾಗಿ ತಿದ್ದಿ. ಇದಕ್ಕೆ ಕೋಡಿಂಗ್‌ಗಿಂತ ಕಣ್ಣು ಮುಖ್ಯ. ಅದು ನಿಮಗೆ ಚೆನ್ನಾಗಿಯೇ ಇದೆ.

ಮೊದಲನೆಯ ತಪ್ಪಿಗೆ ಕಾರಣ ಕೈಗೆ ಕೂತ ಅಭ್ಯಾಸ. ನಾವೆಲ್ಲ ದಿನವೂ ಬರೆಯುವುದು ಮಾರ್ಕ್‌ಡೌನ್, ಅಂದರೆ ಸಣ್ಣ ಗುರುತುಗಳಿಂದಲೇ ಬರಹಕ್ಕೆ ರೂಪ ಕೊಡುವ ವಿಧಾನ. ಅಲ್ಲಿ ಹೆಸರಿನ ಎರಡೂ ಬದಿಗೆ ಒಂದೊಂದು ಬ್ಯಾಕ್‌ಟಿಕ್ ಹಾಕಿದರೆ ಸಾಕು. ಪೈಥಾನ್‌ನವರು ಬಳಸುವುದು ಅದೇ ಥರದ ಇನ್ನೊಂದು ವಿಧಾನ, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್. ಅದರಿಂದ ಪುಟ ತಯಾರು ಮಾಡುವುದು ಸ್ಫಿಂಕ್ಸ್ ಎಂಬ ಸಾಫ್ಟ್‌ವೇರ್. ಇಲ್ಲಿ ಎರಡೆರಡು ಬೇಕು. ಒಂದೊಂದೇ ಹಾಕಿದರೆ ಓರೆ ಅಕ್ಷರ ಬರುತ್ತದೆ, ಸ್ಫಿಂಕ್ಸ್ ಚಕಾರ ಎತ್ತುವುದಿಲ್ಲ. ಹಾಗಾಗಿಯೇ ಇಂಥವು ಜಾಸ್ತಿ ದಿನ ಉಳಿದುಬಿಡುತ್ತವೆ.

ಎರಡನೆಯದು ಸ್ವಲ್ಪ ತರಲೆ. ಮುಚ್ಚುವ ಬ್ಯಾಕ್‌ಟಿಕ್ ಆದಮೇಲೆ ಖಾಲಿ ಜಾಗವೋ ಚುಕ್ಕಿಯೋ ಅಲ್ಪವಿರಾಮವೋ ಇರಲೇಬೇಕು. ಇಂಗ್ಲಿಷ್ ಪುಟದಲ್ಲಿ ಬಹುವಚನದ ಎಸ್ ಅಕ್ಷರ ಅಲ್ಲಿ ಬಂದು ಅಂಟಿಕೊಳ್ಳುತ್ತದೆ. ಆಗ ಗುರುತು ಮುಚ್ಚಲೇ ಇಲ್ಲ ಎಂದು ಲೆಕ್ಕ. ಅದೇ ಪ್ಯಾರಾದಲ್ಲಿ ಮುಂದೆ ಇನ್ನೊಂದು ಕೋಡ್ ಹೆಸರಿದ್ದರೆ ಅಲ್ಲಿವರೆಗಿನ ಮಾತೆಲ್ಲ ಕೋಡ್ ಆಗಿಬಿಡುತ್ತದೆ! ಕನ್ನಡದಲ್ಲಿ ಬರೆಯುವವರಿಗಂತೂ ಹೆಜ್ಜೆ ಹೆಜ್ಜೆಗೂ ಇದೇ ಗೋಳು, ನಮ್ಮ ಪ್ರತ್ಯಯಗಳೆಲ್ಲ ಅಂಟಿಕೊಳ್ಳುವಂಥವೇ ಅಲ್ವಾ? ``ಲಿಸ್ಟ್``ಗೆ ಎಂದರೆ ಕೆಡುತ್ತದೆ. ``ಲಿಸ್ಟ್``\ ಗೆ ಎಂದು ಬ್ಯಾಕ್‌ಸ್ಲ್ಯಾಶ್, ಅದಾದ ಮೇಲೆ ಒಂದು ಸ್ಪೇಸ್ ಕೊಡಿ. ಪುಟದಲ್ಲಿ ಎರಡೂ ಕಾಣಿಸುವುದಿಲ್ಲ. ಅಷ್ಟೇ ಮಾರಾಯ್ರೆ.

ತಿದ್ದಬೇಕಾದ ಫೈಲ್ ಗಿಟ್‌ಹಬ್‌ನಲ್ಲಿ, ಪೈಥಾನ್‌ನ ಮೂಲ ಕೋಡ್ ಇರುವ ಸಿಪೈಥಾನ್ ರೆಪಾಸಿಟರಿಯ ಡಾಕ್ ಫೋಲ್ಡರ್‌ನಲ್ಲಿದೆ. ಪುಟದ ವಿಳಾಸದಲ್ಲಿರುವ ಹೆಸರೇ ಸಾಮಾನ್ಯವಾಗಿ ಫೈಲ್‌ನ ಹೆಸರು. ಮೊದಲು ಮೇನ್ ಬ್ರಾಂಚ್, ಅಂದರೆ ತೀರಾ ಹೊಸ ಪ್ರತಿ ನೋಡಿ, ಯಾರಾದರೂ ಆಗಲೇ ತಿದ್ದಿರಬಹುದು. ತಿದ್ದಿದ ಮೇಲೆ ಅದೇ ಫೋಲ್ಡರ್‌ನಲ್ಲಿ ಪುಟ ತಯಾರಿಸುವ ‘ಮೇಕ್ ಎಚ್‌ಟಿಎಂಎಲ್’ ಕಮಾಂಡ್ ಓಡಿಸಿ, ಪುಟವನ್ನು ಬ್ರೌಸರ್‌ನಲ್ಲಿ ಕಣ್ಣಾರೆ ನೋಡಿ. ಮೊದಲ ಸಲ ಹೊತ್ತು ಹಿಡಿಯುತ್ತದೆ. ನಮ್ಮೂರ ಮಳೆಗಾಲದಲ್ಲಿ ಕರೆಂಟಿನ ಕತೆ ಗೊತ್ತಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ.

ಇಷ್ಟು ಸಣ್ಣ ತಿದ್ದುಪಡಿಗೆ ಮೊದಲು ಇಶ್ಯೂ (ತಪ್ಪಿನ ವರದಿ) ತೆರೆಯಬೇಕಿಲ್ಲ, ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಅನ್ನೇ ನೇರ ಕಳಿಸಬಹುದು. ಮೊದಲ ಸಲವಾದರೆ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿ ಎಂದು ಬಾಟ್ ಕೇಳುತ್ತದೆ. ಹಾಕಿ.

ಒಂದು ಕಿವಿಮಾತು. ತಿದ್ದುವ ಹುಮ್ಮಸ್ಸಿನಲ್ಲಿ ಪ್ಯಾರಾದ ಸಾಲುಗಳನ್ನು ಹೊಸದಾಗಿ ಜೋಡಿಸಬೇಡಿ. ಬದಲಾದದ್ದು ಎರಡು ಗುರುತು, ಡಿಫ್‌ನಲ್ಲಿ (ಬದಲಾವಣೆ ತೋರಿಸುವ ಪಟ್ಟಿಯಲ್ಲಿ) ಕಾಣುವುದು ಹತ್ತು ಸಾಲು. ನೋಡುವವರ ಗತಿ ಏನು? ಸಣ್ಣ ತಿದ್ದುಪಡಿ ಎಂದರೆ ಕೆಲವರು ಮುಖ ಸಿಂಡರಿಸುವುದಕ್ಕೂ ಕಾರಣವಿದೆ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ, 2020ರಲ್ಲಿ, ಆ ಆಸೆಗೆ ಎಷ್ಟೋ ಜನ ಪ್ರಾಜೆಕ್ಟ್‌ಗಳ ಪರಿಚಯ ಬರೆದಿರುವ ರೀಡ್‌ಮಿ ಫೈಲ್‌ಗಳಿಗೆ ಸುಮ್ನೆ ಒಂದೆರಡು ಪದ ಸೇರಿಸಿ ಕಳಿಸಿದ್ದರು. ಕೊನೆಗೆ, ಭಾಗವಹಿಸಲು ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ನಿಯಮವನ್ನೇ ಬದಲಿಸಬೇಕಾಯಿತು. ನಿಮ್ಮದು ಹಾಗಲ್ಲ, ಪುಟ ನಿಜಕ್ಕೂ ಕೆಟ್ಟಿದೆ. ಕೆಟ್ಟದ್ದು ಹೇಗೆ ಕಾಣುತ್ತಿತ್ತು ಎಂಬ ಸ್ಕ್ರೀನ್‌ಶಾಟ್ ಒಂದನ್ನು ಜೊತೆಗೆ ಹಾಕಿ ಕಳಿಸಿ.

ರಸ್ಟ್, ಪಿಎಚ್‌ಪಿ ಭಾಷೆಗಳ ಡಾಕ್ಯುಮೆಂಟೇಶನ್ ಕಡೆ ಹೋದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ರಸ್ಟ್‌ನದ್ದು ಮಾರ್ಕ್‌ಡೌನ್, ಅಲ್ಲಿ ಒಂದೊಂದೇ ಬ್ಯಾಕ್‌ಟಿಕ್ ಸರಿ. ಪಿಎಚ್‌ಪಿಯದ್ದು ಟ್ಯಾಗ್‌ಗಳಲ್ಲಿ ಬರೆಯುವ ಡಾಕ್‌ಬುಕ್ ಎಕ್ಸ್‌ಎಂಎಲ್, ಅಲ್ಲಿ ಒಂದು ಟ್ಯಾಗ್ ಮುಚ್ಚದಿದ್ದರೆ ಮ್ಯಾನ್ಯುಯಲ್ ತಯಾರಾಗುವುದೇ ಇಲ್ಲ.